ಅಂಧರ ಬದುಕಿಗೆ ಸ್ವರವಾದ ಪಂಚಾಕ್ಷರ ಗವಾಯಿ

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯ ಹುಟ್ಟು ಅಂಧರು. ಅಣ್ಣ ಗುರುಬಸವಯ್ಯನವರಿಗೂ ದೃಷ್ಟಿ ಇರಲಿಲ್ಲ. ಅಂಧ ಮಕ್ಕಳಿಗೆ ಭಿಕ್ಷೆಯೇ ಗತಿ ಎಂದು ಸಮಾಜ ನಂಬಿದ್ದ ಕಾಲವದು. ಸೋದರರ ಕಂಠಸಿರಿಯನ್ನು ಗುರುತಿಸಿದ ಹಾನಗಲ್ಲ ಕುಮಾರ ಸ್ವಾಮೀಜಿ ಅವರ ಸಂಗೀತ ಶಿಕ್ಷಣದ ಹೊಣೆ ಹೊತ್ತರು.

ಮೊದಲು ಕರ್ನಾಟಕ ಸಂಗೀತ, ಬಳಿಕ ನೀಲಕಂಠ ಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತ ಗದಿಗೆಯ್ಯ, ಪಂಚಾಕ್ಷರ ಗವಾಯಿಗಳೆಂದು ಹೆಸರಾದರು. ಎರಡೂ ಪದ್ಧತಿಗಳಲ್ಲಿ ಪ್ರಭುತ್ವ ಸಾಧಿಸಿ ಉಭಯಗಾನ ವಿಶಾರದರೆನಿಸಿದರು.

ಆದರೆ ಅವರ ನಿಜವಾದ ಸಾಧನೆ ಕಛೇರಿಗಳಾಚೆಗಿನದು. ಅಂಧ ಹಾಗೂ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸುವ ಸಂಗೀತ ಶಾಲೆಯನ್ನೇ ಅವರು ನಡೆಸಿದರು. ಅನ್ನ, ಆಶ್ರಯ, ವಿದ್ಯೆ ಮೂರೂ ಅಲ್ಲಿ ಉಚಿತ. ಮಕ್ಕಳ ಹೊಟ್ಟೆ ತುಂಬಿಸುವುದೇ ಗುರುವಿಗೆ ನಿತ್ಯದ ಚಿಂತೆ. ಆ ಅಲೆದಾಟ ಕೊನೆಗೆ ಗದುಗಿನಲ್ಲಿ ನೆಲೆ ಕಂಡು ವೀರೇಶ್ವರ ಪುಣ್ಯಾಶ್ರಮವಾಯಿತು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯವರಂಥ ಗಾಯಕರು ಅವರ ಗರಡಿಯಲ್ಲೇ ಪಳಗಿದವರು.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಅಂಧರೇ ಆದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆಶ್ರಮವನ್ನು ಮುನ್ನಡೆಸಿದರು. ಭಿಕ್ಷಾಪಾತ್ರೆ ಹಿಡಿಯಬೇಕಿದ್ದ ಕೈಗಳಿಗೆ ತಂಬೂರಿ, ತಬಲಾ, ಪಿಟೀಲು ಕೊಟ್ಟದ್ದೇ ಗುರು–ಶಿಷ್ಯರ ಬಾಳಿನ ಸಾರ.