ಕಾರು ಕಟ್ಟಿ ಕಲಿತ ಚಾಪ್‌ಮನ್

ಕಡೂರಿನಿಂದ ಯಗಟಿಗೆ ಎತ್ತಿನ ಗಾಡಿಯಲ್ಲಿ ಹೋದವನಿಗೆ ದಾರಿಯ ಒಂದೊಂದು ಕಲ್ಲೂ ಮೈಗೆ ತಾಗಿ ತಿಳಿಯುತ್ತದೆ. ಅದೇ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತವನಿಗೆ ಅಷ್ಟು ಕುಲುಕಾಟವಿಲ್ಲ. ಗಾಲಿಗೂ ವಾಹನದ ಒಡಲಿಗೂ ನಡುವೆ ಇರುವ ಸ್ಪ್ರಿಂಗುಗಳು ಪೆಟ್ಟನ್ನು ತಾಳಿಕೊಳ್ಳುತ್ತವೆ. ಈ ಏರ್ಪಾಟಿಗೆ ಸಸ್ಪೆನ್ಷನ್ ಎಂದೂ, ವಾಹನದ ಭಾರವನ್ನು ಹೊರುವ ಚೌಕಟ್ಟಿಗೆ ಚಾಸಿ ಎಂದೂ ಹೆಸರು. ಪಂದ್ಯದ ಕಾರುಗಳಲ್ಲಿ ಇವೆರಡರ ಸ್ವರೂಪವನ್ನೂ ಬದಲಿಸಿದವರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಪ್ರಮುಖನು.

ಚಾಪ್‌ಮನ್ 1928ರ ಮೇ 19ರಂದು ಲಂಡನ್ನಿನ ಬಳಿಯ ರಿಚ್‌ಮಂಡ್‌ನಲ್ಲಿ ಜನಿಸಿದನು. ಕಾಲೇಜಿನಲ್ಲಿ ಅವನು ಓದಿದ್ದು ಕಟ್ಟಡ, ಸೇತುವೆ ಮುಂತಾದವುಗಳ ರಚನಾಶಾಸ್ತ್ರವನ್ನು, ಕಾರಿನ ವಿದ್ಯೆಯನ್ನಲ್ಲ. ಗಣಿತದ ಪತ್ರಿಕೆಗೆ ಎರಡನೆಯ ಬಾರಿ ಕುಳಿತು 1949ರಲ್ಲಿ ಪದವಿ ಪಡೆದನು. ಅದಕ್ಕೆ ಮುಂಚೆಯೇ, 1948ರಲ್ಲಿ, ಮುಂದೆ ತನ್ನ ಪತ್ನಿಯಾದ ಹೇಜಲ್‌ಳ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ, ವಿಮಾನದ ರಚನೆಯನ್ನು ಅನುಸರಿಸಿ ಅಲ್ಯೂಮಿನಿಯಂ ಹೊದಿಸಿದ ಪ್ಲೈವುಡ್ಡಿನಿಂದ ಹೊಸ ಒಡಲನ್ನು ಕಟ್ಟಿದನು. ಆ ಕಾರೇ ಅವನ ಮೊದಲ ಪಠ್ಯಪುಸ್ತಕ. ಓಡಿಸಿ ನೋಡುವುದು, ಕಂಡ ಕೊರತೆಯನ್ನು ಮುಂದಿನ ಕಾರಿನಲ್ಲಿ ತಿದ್ದುವುದು ಅವನ ವ್ಯಾಸಂಗಕ್ರಮವಾಯಿತು.

ಹಗಲು ಅಲ್ಯೂಮಿನಿಯಂ ಕಂಪನಿಯ ನೌಕರಿ, ರಾತ್ರಿ ಕಾರಿನ ಕೆಲಸ; ಹೀಗೆ ದುಡಿಯುತ್ತಲೇ 1952ರಲ್ಲಿ ತಂದೆಯ ಹೋಟೆಲಿನ ಹಿಂದಿದ್ದ ಕುದುರೆಲಾಯದಲ್ಲಿ ಅವನು ಲೋಟಸ್, ಎಂದರೆ ತಾವರೆ, ಎಂಬ ಸಂಸ್ಥೆಯನ್ನು ಆರಂಭಿಸಿದನು. ಅಲ್ಲಿ ರೂಪುಗೊಂಡ ಮಾರ್ಕ್ ಸಿಕ್ಸ್ ಕಾರಿಗೆ ಸೇತುವೆಯ ಪಾಠ ನೆರವಾಯಿತು. ನಾಲ್ಕು ಕೋಲುಗಳ ಚೌಕವನ್ನು ಒತ್ತಿದರೆ ಅದು ಓರೆಯಾಗುತ್ತದೆ. ಮೂರು ಕೋಲುಗಳ ತ್ರಿಕೋನ ಹಾಗಾಗದು. ತೆಳುವಾದ ಉಕ್ಕಿನ ಕೊಳವೆಗಳನ್ನು ಈ ತತ್ತ್ವದಂತೆ ಬೆಸೆದು ಮಾಡಿದ ಚೌಕಟ್ಟು ಸುಮಾರು 25 ಕಿಲೋಗ್ರಾಂ ಮಾತ್ರ ತೂಗುತ್ತಿತ್ತು. ಫೋರ್ಡ್ ಕಾರಿನ ಮುಂದಿನ ಅಚ್ಚನ್ನು ನಡುವೆ ಕತ್ತರಿಸಿ, ಎರಡು ಗಾಲಿಗಳೂ ಪ್ರತ್ಯೇಕವಾಗಿ ಏರಿಳಿಯುವಂತೆ ಅದಕ್ಕೆ ಅಳವಡಿಸಿದನು. ಒಂದು ಗಾಲಿ ಕಲ್ಲನ್ನು ಹತ್ತಿದರೂ ಇನ್ನೊಂದು ನೆಲವನ್ನು ಬಿಡಲಿಲ್ಲ.

ಚೌಕಟ್ಟು ಬಿಗಿಯಾಗಿರಬೇಕು, ಸ್ಪ್ರಿಂಗು ಮೃದುವಾಗಿರಬೇಕು ಎಂಬುದು ಅವನು ಕಂಡುಕೊಂಡ ಸೂತ್ರ. 1962ರ ಲೋಟಸ್ 25 ಕಾರಿನಲ್ಲಿ ಕೊಳವೆಗಳ ಚೌಕಟ್ಟನ್ನೇ ಬಿಟ್ಟು, ಪೆಟ್ಟಿಗೆಯಂತೆ ತಗಡಿನ ಒಡಲೇ ಭಾರ ಹೊರುವಂತೆ ಮಾಡಿದನು. ಮರುವರ್ಷ ಅದೇ ಕಾರಿನಲ್ಲಿ ಜಿಮ್ ಕ್ಲಾರ್ಕ್ ವಿಶ್ವ ಚಾಂಪಿಯನ್ ಆದನು. 1963ರಿಂದ 1978ರವರೆಗೆ ಲೋಟಸ್ ಸಂಸ್ಥೆಯು ಕಾರು ನಿರ್ಮಾಪಕರ ವಿಶ್ವಪ್ರಶಸ್ತಿಯನ್ನು ಏಳು ಬಾರಿ ಗೆದ್ದಿತು.

ಆದರೆ ಹಗುರತನಕ್ಕೂ ಒಂದು ಮಿತಿಯುಂಟು. 1960ರಲ್ಲಿ ಬೆಲ್ಜಿಯಂನಲ್ಲಿ ಲೋಟಸ್ ಕಾರೊಂದರ ಗಾಲಿ ಕಳಚಿ, ಅದನ್ನು ಓಡಿಸುತ್ತಿದ್ದ ಸ್ಟರ್ಲಿಂಗ್ ಮಾಸ್ ತೀವ್ರವಾಗಿ ಗಾಯಗೊಂಡನು. 1970ರಲ್ಲಿ ಇಟಲಿಯ ಮೊಂಜಾದಲ್ಲಿ ಬ್ರೇಕಿನ ದಂಡವೊಂದು ಮುರಿದು, ಕಾರು ತಡೆಬೇಲಿಗೆ ಬಡಿದು, ಯೋಹೆನ್ ರಿಂಟ್ ಮಡಿದನು. ಆ ವರ್ಷದ ವಿಶ್ವ ಚಾಂಪಿಯನ್ ಪದವಿ ಅವನಿಗೆ ಮರಣಾನಂತರ ಸಂದಿತು. ಗ್ಯಾರೇಜಿನಲ್ಲಿ ಮುರಿದದ್ದನ್ನು ಮರುದಿನ ಸರಿಪಡಿಸಬಹುದು. ಪಂದ್ಯದ ಹಾದಿಯಲ್ಲಿ ಮುರಿದರೆ ಹೋಗುವುದು ಇನ್ನೊಬ್ಬನ ಪ್ರಾಣ.

ಚಾಪ್‌ಮನ್ 1982ರ ಡಿಸೆಂಬರ್ 16ರಂದು, 54ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ನಿಧನನಾದನು. ಒಡಲೇ ಭಾರ ಹೊರುವ ರಚನೆಯನ್ನು ಇಂದಿನ ಪಂದ್ಯದ ಕಾರುಗಳೂ ಅನುಸರಿಸುತ್ತವೆ. ಸ್ವಂತ ಪರಿಶ್ರಮದಿಂದ ವಿದ್ಯೆ ಎಷ್ಟು ಎತ್ತರಕ್ಕೇರಬಲ್ಲುದು ಎಂಬುದಕ್ಕೆ ಅವನ ಜೀವನ ಸಾಕ್ಷಿ. ಆ ವಿದ್ಯೆಯನ್ನು ನಂಬಿ ಕುಳಿತವರ ಹೊಣೆಯೂ ವಿದ್ಯಾವಂತನದೇ ಎಂಬುದನ್ನು ಅದು ಅಷ್ಟೇ ಸ್ಪಷ್ಟವಾಗಿ ನೆನಪಿಸುತ್ತದೆ.