ಹೊಲದೊಡೆಯನೂ ಹಳೆಯ ಮರವೂ

ಡಿ. ದೇವರಾಜ ಅರಸು ಅವರು 1915ನೆಯ ಇಸವಿ ಆಗಸ್ಟ್ 20ರಂದು ಜನಿಸಿದರು. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅವರ ಊರು. ಬೆಂಗಳೂರಿನಲ್ಲಿ ವಿಜ್ಞಾನ ಪದವಿ ಪಡೆದ ಬಳಿಕ ಅವರು ಊರಿಗೆ ಹಿಂದಿರುಗಿ ಬೇಸಾಯವನ್ನು ಕೈಗೊಂಡರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1972ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದರು.

ಉಳುವವನಿಗೇ ಭೂಮಿ ದೊರೆಯಬೇಕೆಂಬುದು ಅರಸು ಅವರ ದೃಢಸಂಕಲ್ಪವಾಗಿತ್ತು. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿದಾರರು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾಗುವ ಹಕ್ಕನ್ನು ಪಡೆದರು. ಆದರೆ ಹೊಲದ ಒಡೆಯನಾದವನು ಬದುವಿನ ಮೇಲಿನ ಹಳೆಯ ಮರವನ್ನು ತನ್ನ ಇಚ್ಛೆಯಂತೆ ಕಡಿಯಬಹುದೇ?

ಈ ಪ್ರಶ್ನೆಗೂ ಅವರ ಆಡಳಿತದಲ್ಲಿಯೇ ಉತ್ತರ ದೊರೆಯಿತು. ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕೆಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ವಿಧಿಸಿತು. ರೈತನ ಕಷ್ಟವನ್ನೂ ಅದು ಮರೆಯಲಿಲ್ಲ. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಉಂಟು. ಒಣಗಿದ, ರೋಗ ತಗುಲಿದ, ಗಾಳಿಗೆ ಉರುಳಿದ ಮರಗಳಿಗೆ ಅನುಮತಿಯನ್ನು ನಿರಾಕರಿಸುವಂತಿಲ್ಲ. ಕಡಿದವನು ಬದಲಿಗೆ ಸಸಿಯನ್ನು ನೆಡಬೇಕು.

ಅರಸು ಅವರು 1982ರ ಜೂನ್ 6ರಂದು ನಿಧನರಾದರು. ಅವರ ಹುಣಸೂರಿನಲ್ಲಿಯೂ ಸುತ್ತಲಿನ ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿಯೂ ರೈತರು ಹೊಗೆಸೊಪ್ಪನ್ನು ಬೆಳೆಯುತ್ತಾರೆ. ಅದನ್ನು ಹದಗೊಳಿಸುವ ಬ್ಯಾರನ್‌ಗಳ ಒಲೆಗೆ ಸೌದೆ ಬೇಕು. ಬೆಳೆಗಾರನ ಜೀವನವೂ ಸಾಗಬೇಕು. ಹಾಗೆಂದು ಒಂದು ಹಂಗಾಮಿನ ಬೆಂಕಿಗೆ ಹಲವು ತಲೆಮಾರುಗಳ ನೆರಳು ಬಲಿಯಾಗಬಾರದು. ಭೂಮಿ ದೊರೆತವನಿಗೆ ಹಕ್ಕಿನೊಡನೆ ಹೊಣೆಯೂ ಬರುತ್ತದೆಂಬುದನ್ನು ಅರಸು ಅವರ ಕಾಲದ ಈ ಎರಡು ಕಾಯಿದೆಗಳು ನೆನಪಿಸುತ್ತವೆ.