ಐವತ್ತು ಪ್ರತಿಗಳ ‘ಹುಚ್ಚು’: ಸಾದೆಗ್ ಹೆದಾಯತ್ ಎಂಬ ಬರಹಗಾರ

1936ರಲ್ಲಿ ಮುಂಬೈಗೆ ಬಂದ ಇರಾನಿನ ಲೇಖಕನೊಬ್ಬ ತನ್ನ ಕಾದಂಬರಿಯನ್ನು ಕೈಯಲ್ಲೇ ಬರೆದು, ಸೈಕ್ಲೋಸ್ಟೈಲ್ ಮಾಡಿ, ಸುಮಾರು 50 ಪ್ರತಿ ತೆಗೆದ. ಇರಾನಿನಲ್ಲಿ ಮಾರೋದಕ್ಕಲ್ಲ ಅಂತ ಅದರ ಮೇಲೆ ನಮೂದಿಸಿದ. ಊರಲ್ಲಿ ರೆಜಾ ಶಾನ ಆಳ್ವಿಕೆ, ಬರಹದ ಮೇಲೆ ಸೆನ್ಸಾರ್ ಕಣ್ಣು. ಆ ಕಾದಂಬರಿ ‘ಕುರುಡು ಗೂಬೆ’, ಬರೆದವನು ಸಾದೆಗ್ ಹೆದಾಯತ್.

ಹೆದಾಯತ್ ಹುಟ್ಟಿದ್ದು 1903ರಲ್ಲಿ, ತೆಹರಾನಿನ ದೊಡ್ಡ ಮನೆತನದಲ್ಲಿ. ಎಂಜಿನಿಯರಿಂಗ್ ಓದಲಿ ಅಂತ ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟು ಬೆಲ್ಜಿಯಂಗೆ ಕಳಿಸಿತು. ಅಲ್ಲಿ ಮನಸ್ಸು ನಿಲ್ಲಲಿಲ್ಲ, ಫ್ರಾನ್ಸಿಗೆ ಹೋದ. 1930ರಲ್ಲಿ ಡಿಗ್ರಿ ಇಲ್ಲದೆ ವಾಪಸ್ ಬಂದು ಬ್ಯಾಂಕಲ್ಲಿ ಗುಮಾಸ್ತನಾದ. ನಮ್ಮಲ್ಲಿ ಎಂಜಿನಿಯರಿಂಗ್ ಬಿಟ್ಟು ಅಕ್ಷರ ಹಿಡಿದವರಿಗೆ ಈ ದಾರಿ ಗೊತ್ತಿರುತ್ತೆ. ಸಂಬಳದ ಕೆಲಸದ ಜೊತೆಗೇ ಕತೆ ಬರೆದ, ಜನಪದ ನಂಬಿಕೆಗಳನ್ನು ಸಂಗ್ರಹಿಸಿದ. ಮುಂಬೈಯಲ್ಲಿ ಪಾರ್ಸಿ ವಿದ್ವಾಂಸರ ಬಳಿ ಪ್ರಾಚೀನ ಪಹ್ಲವಿ ಭಾಷೆ ಕಲಿತ. ಮುಂದೆ ಕಾಫ್ಕಾನನ್ನು ಪರ್ಷಿಯನ್‌ಗೆ ತಂದ.

ಕಾದಂಬರಿಯ ನಿರೂಪಕ ಲೇಖನಿ ಡಬ್ಬಿಗಳ ಮೇಲೆ ಚಿತ್ರ ಬರೆಯುವವನು. ಅಫೀಮಿನ ಅಮಲು, ಜ್ವರ, ಹೆಂಡತಿಯ ಮೇಲೆ ಅನುಮಾನ. ಗೋಡೆ ಮೇಲಿನ ತನ್ನ ನೆರಳಿಗೆ ಕತೆ ಹೇಳ್ತಾನೆ. ಒಂದೇ ಮುದುಕ, ಒಂದೇ ಹೆಣ್ಣಿನ ಕಣ್ಣು ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತವೆ. ಯಾವುದು ನಡೆದದ್ದು, ಯಾವುದು ಭ್ರಮೆ? ಅವನ ಮಾತನ್ನು ನಂಬೋ ಹಾಗಿಲ್ಲ. ಅದರಲ್ಲೂ ಹೆಂಗಸರ ಬಗ್ಗೆ ಅವನು ಹೇಳೋದನ್ನಂತೂ ನಂಬಲೇಬಾರದು. ಅವನ ಕೈಯಲ್ಲಿ ಚಾಕು ಇದೆ.

1941ರಲ್ಲಿ ರೆಜಾ ಶಾ ಪಟ್ಟ ಬಿಟ್ಟ ಮೇಲೆ ಕಾದಂಬರಿ ತೆಹರಾನಿನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 1951ರ ಏಪ್ರಿಲ್‌ನಲ್ಲಿ ಹೆದಾಯತ್ ಪ್ಯಾರಿಸ್‌ನಲ್ಲಿ ತನ್ನ ಬದುಕನ್ನು ತಾನೇ ಕೊನೆಗೊಳಿಸಿಕೊಂಡ. ಆಗ ವಯಸ್ಸು 48. ಆಮೇಲೆ 1953ರಲ್ಲಿ ಫ್ರೆಂಚ್, 1957ರಲ್ಲಿ ಇಂಗ್ಲಿಷ್ ಅನುವಾದ ಬಂದವು.

ಅಲ್ಲಿಂದ ಒಂದು ಸುಲಭದ ಓದು ಶುರುವಾಯಿತು: ನಿರೂಪಕನೇ ಲೇಖಕ, ಪುಸ್ತಕವೇ ಅವನ ಕೊನೇ ಪತ್ರ. ಓದಿದವರು ಸಾಯ್ತಾರೆ ಅನ್ನೋ ಪುಕಾರೂ ಹಬ್ಬಿತು. ಆದರೆ ಪುಸ್ತಕ ಬಂದ ಮೇಲೆ ಹೆದಾಯತ್ ಸುಮಾರು 15 ವರ್ಷ ಬದುಕಿದ್ದ. ಆಷಾಢಭೂತಿ ಹಾಜಿಯೊಬ್ಬನನ್ನು ಗೇಲಿ ಮಾಡೋ ಕಾದಂಬರಿಯನ್ನೂ ಬರೆದ. ದಿಕ್ಕು ತಪ್ಪಿದ ಮನಸ್ಸನ್ನು ಇಷ್ಟು ಕರಾರುವಾಕ್ಕಾಗಿ ಕಟ್ಟೋಕೆ ಗಟ್ಟಿ ಎಚ್ಚರ ಬೇಕು.

ಲೇಖಕನಿಗೆ ನೋವಿರಲಿಲ್ಲ ಅಂತಲ್ಲ, ಇತ್ತು. ಆದರೆ ನೋವಿರುವವನ ಮಾತನ್ನೆಲ್ಲ ಕಾಯಿಲೆಯ ಲೆಕ್ಕಕ್ಕೆ ಬರೆದುಬಿಟ್ಟರೆ ಅವನ ಕೆಲಸ ಕಾಣಿಸೋದಿಲ್ಲ, ಅವನು ಮುಂಬೈಗೆ ಬಂದು 50 ಪ್ರತಿ ಯಾಕೆ ತೆಗೀಬೇಕಾಯ್ತು ಅನ್ನೋ ಪ್ರಶ್ನೆಯೂ ಉಳಿಯೋದಿಲ್ಲ. ಸೆನ್ಸಾರ್ ಮಾಡುವವರಿಗೆ ಅದಕ್ಕಿಂತ ಅನುಕೂಲ ಇನ್ನೇನಿದೆ?